ಟ್ಯಾಂಕು, ಮೀನು ಒಂದೇ ದಿನ ಮನೆಗೆ ತರಬೇಡಿ

ಮುಂಬೈಯಲ್ಲಿ ಹೊಸದಾಗಿ ಅಕ್ವೇರಿಯಂ ಇಡಬೇಕೆಂದಿರುವವರು ಮೊದಲು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಅಲ್ಲಿ ‘ಫುಲ್ ಸೆಟ್’ ಎಂಬ ಮಾತು ಕಿವಿಗೆ ಬಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ. ಟ್ಯಾಂಕು, ಫಿಲ್ಟರು, ಬಣ್ಣದ ಕಲ್ಲು, ಸಮುದ್ರದ ಚಿಪ್ಪು, ಆಹಾರದ ಡಬ್ಬಿ, ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಜೀವಂತ ಮೀನು, ಎಲ್ಲವೂ ಒಂದೇ ಬಿಲ್ಲಿನಲ್ಲಿ. ಮುಲುಂಡಿನ ನಮ್ಮ ಮನೆಗೆ ಬಂದದ್ದು ಇಂಥದ್ದೇ ಸೆಟ್. ಎರಡಡಿ ಉದ್ದದ ಟ್ಯಾಂಕು, ಹಿಡಿಯುವುದು ಐವತ್ತು ಲೀಟರಿನಷ್ಟು ನೀರು. ಅದರೊಳಗೆ ನಾಲ್ಕು ಗೋಲ್ಡ್ ಫಿಶ್, ಒಂದು ಜೋಡಿ ‘ಶಾರ್ಕ್’. ಈ ಶಾರ್ಕ್ ಎಂಬುದು ಶಾರ್ಕೇ ಅಲ್ಲ, ಪಂಗಾಸಿಯಸ್ ಜಾತಿಯ ಬೆಕ್ಕುಮೀನಿನ ಮರಿ. ಬೆಳೆಯಲು ಬಿಟ್ಟರೆ ಒಂದು ಮೀಟರ್ ದಾಟುತ್ತದೆ. ಮಾರುವವನಿಗೆ ಇದು ಗೊತ್ತಿಲ್ಲದೆ ಇರುವುದಿಲ್ಲ.

“ನೀರು ತುಂಬಿಸಿ, ಆಂಟಿ ಕ್ಲೋರಿನ್ ಹಾಕಿ, ಸಂಜೆಗೆ ಮೀನು ಬಿಡಿ, ಟೆನ್ಶನ್ ಮತ್ ಲೋ” ಎಂದು ಹೇಳಿ ಕಳಿಸಿದ. ಮೊದಲ ಕೆಲವು ದಿನ ಎಲ್ಲವೂ ಚೆನ್ನಾಗಿಯೇ ಇತ್ತು. ಆಮೇಲೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತವು. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು, ಕಿವಿರುಗಳು ಕೆಂಪಾಗಿದ್ದವು. ನೀರು ಮಾತ್ರ ಫಳಫಳ ತಿಳಿಯಾಗಿತ್ತು. ಕಾರಣ, ಮೀನೇ ನೀರಿಗೆ ಬಿಡುವ ಅಮೋನಿಯಾ ಎಂಬ ವಿಷ. ಅದಕ್ಕೆ ಬಣ್ಣವಿಲ್ಲ, ಈ ಮಟ್ಟದಲ್ಲಿ ವಾಸನೆಯೂ ಮೂಗಿಗೆ ಹತ್ತುವುದಿಲ್ಲ. ನೋಡಿದವರೆಲ್ಲ “ನೀರು ಎಷ್ಟು ಸ್ವಚ್ಛವಾಗಿದೆ” ಎಂದೇ ಹೇಳಿ ಹೋಗುತ್ತಿದ್ದರು.

ಅಂಗಡಿಯ ಚಿಕಿತ್ಸೆ ಶುರುವಾದದ್ದು ಇಲ್ಲಿಂದ. ಮೊದಲು ‘ಆಕ್ಸಿಜನ್ ಕಮ್ಮಿ’ ಎಂದು ದೊಡ್ಡ ಏರ್ ಪಂಪ್ ಕೊಟ್ಟ. ಆಮೇಲೆ ‘ಫಂಗಸ್’ ಎಂದು ನೀಲಿ ಔಷಧ, ಒಂದು ಪೊಟ್ಟಣ ಉಪ್ಪು, ಅಮೋನಿಯಾ ಹೀರುವ ಬಿಳಿ ಕಲ್ಲಿನ ಚೀಲ. ಒಂದು ಗೋಲ್ಡ್ ಫಿಶ್ ಸತ್ತ ಮೇಲೆ “ಪೂರಾ ನೀರು ಚೆಲ್ಲಿ, ಕಲ್ಲು, ಫಿಲ್ಟರು ಎಲ್ಲವನ್ನೂ ನಲ್ಲಿಯ ಕೆಳಗೆ ತೊಳೆದು ಹೊಸದಾಗಿ ತುಂಬಿಸಿ” ಎಂದ. ಹಾಗೇ ಮಾಡಿದ್ದಾಯಿತು. ಆ ವಾರ ಇನ್ನೊಂದು ಹೋಯಿತು.

ಮಾಟುಂಗದ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮವೊಂದರಲ್ಲಿ ಪರಿಚಯವಾದ ಹಿರಿಯರೊಬ್ಬರು ವರ್ಷಾನುಗಟ್ಟಲೆ ಮೀನು ಸಾಕಿದವರು. ಫೋನಿನಲ್ಲಿ ಲಕ್ಷಣ ಕೇಳಿದವರೇ ಟೆಸ್ಟ್ ಕಿಟ್ ಹಿಡಿದುಕೊಂಡು ಮನೆಗೆ ಬಂದರು. ಗಾಜಿನ ನಳಿಕೆಗೆ ನೀರು ತುಂಬಿ ಹನಿ ಹಾಕಿ ಕಾದರು. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯಬೇಕಾದದ್ದು ಹಸಿರಾಗುತ್ತ ಹೋಯಿತು. ಚಾರ್ಟಿನ ಪಕ್ಕ ಹಿಡಿದರೆ 4 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ನಾಲ್ಕು ಭಾಗ. ಇರಬೇಕಾದದ್ದು ಸೊನ್ನೆ.

“ಇದು ರೋಗ ಅಲ್ಲ ಮಾರಾಯ್ರೆ, ವಿಷ. ನಿಮ್ಮ ಫಿಲ್ಟರು ಖಾಲಿ ಬಿಲ್ಡಿಂಗು. ಒಳಗೆ ಇನ್ನೂ ಯಾರೂ ವಾಸಕ್ಕೆ ಬಂದಿಲ್ಲ” ಎಂದರು.

ಮೀನು ಅಮೋನಿಯಾ ಬಿಡುವುದು ಮಲದಲ್ಲಷ್ಟೇ ಅಲ್ಲ, ಬಹುಪಾಲು ಕಿವಿರಿನ ಮೂಲಕ. ಅಂದರೆ ಉಪವಾಸವಿದ್ದ ಮೀನೂ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೆ ಇನ್ನಷ್ಟು ಸೇರುತ್ತದೆ. ಹಳೆಯ ಟ್ಯಾಂಕಿನಲ್ಲಿ ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾದಂಥವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರವಾರ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಬೆಳಿಗ್ಗೆ ತುಂಬಿಸಿ ಸಂಜೆ ಮೀನು ಬಿಟ್ಟ ಟ್ಯಾಂಕಿನಲ್ಲಿ ಅವು ಸಾಕಷ್ಟು ಇರುವುದು ಸಾಧ್ಯವೇ ಇಲ್ಲ.

ಈಗ ಅಂಗಡಿಯವನ ಚಿಕಿತ್ಸೆಯನ್ನು ಇನ್ನೊಮ್ಮೆ ನೋಡಿ. ಏರ್ ಪಂಪ್ ಸರಿ, ಸುಟ್ಟ ಕಿವಿರಿಗೆ ಹೆಚ್ಚಿನ ಆಕ್ಸಿಜನ್ ಒಳ್ಳೆಯದೇ. ನೀಲಿ ಔಷಧ ಎಂದರೆ ಮೆಥಿಲೀನ್ ಬ್ಲೂ. ಬರಬೇಕಾದ ಬ್ಯಾಕ್ಟೀರಿಯಾಕ್ಕೇ ಅದು ಏಟು. ಬಿಳಿ ಕಲ್ಲು ಜಿಯೋಲೈಟ್. ಸಿಹಿನೀರಿನಲ್ಲಿ ನಿಜವಾಗಿಯೂ ಅಮೋನಿಯಾ ಹಿಡಿಯುತ್ತದೆ, ಆದರೆ ಉಪ್ಪು ಬಿದ್ದರೆ ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತದೆ. ಒಂದೇ ಚೀಲದಲ್ಲಿ ಎರಡನ್ನೂ ಹಾಕಿ ಕೊಟ್ಟ ಪುಣ್ಯಾತ್ಮ! ಇನ್ನು ನಲ್ಲಿಯ ಕೆಳಗೆ ಫಿಲ್ಟರ್ ತೊಳೆಯುವುದು. ಭಾತ್ಸಾ, ವೈತರಣಾ ಕಡೆಯಿಂದ ಬರುವ ನಮ್ಮ ನೀರು ಪಾಂಜ್ರಾಪುರ, ಭಾಂಡುಪ್‌ಗಳಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆತು ಮನೆಗೆ ತಲುಪುತ್ತದೆ. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಸ್ಪಾಂಜಿನಲ್ಲಿ ಅಲ್ಪಸ್ವಲ್ಪ ಹುಟ್ಟಿಕೊಂಡಿದ್ದದ್ದೂ ಅಲ್ಲಿಗೆ ಮುಗಿಯಿತು.

ಸೆಟ್ಟಿನಲ್ಲಿ ಬಂದ ಚಿಪ್ಪುಗಳು ಬರೀ ಅಲಂಕಾರ ಅಂದುಕೊಳ್ಳಬೇಡಿ. ಅವು ಕ್ಯಾಲ್ಸಿಯಂ ಕಾರ್ಬೊನೇಟ್, ನಿಧಾನವಾಗಿ ಕರಗಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸುತ್ತವೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಹೆಚ್ಚು ಅಪಾಯವಿಲ್ಲದ ಅಮೋನಿಯಂ ಮತ್ತು ಕೊಲ್ಲುವ ಅಮೋನಿಯಾ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಕೊಲ್ಲುವ ರೂಪ ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇ. 5 ದಾಟುತ್ತದೆ. ಮುಂಬೈ ಸೆಕೆಗೆ ನೀರು ಬಿಸಿಯಾದಷ್ಟೂ ಇದು ಏರುತ್ತದೆ. ನಮ್ಮ ಟ್ಯಾಂಕಿನ ಪಿಎಚ್ 8ರ ಹತ್ತಿರವಿತ್ತು. ಆ ಹಿರಿಯರು ಅಂದೇ ಚಿಪ್ಪುಗಳನ್ನೆಲ್ಲ ಹೊರಗೆ ತೆಗೆಸಿದರು. ಮೀನು ಮೇಲುಸಿರು ಬಿಡುವಾಗ ಯಾರಾದರೂ ಅಡುಗೆ ಸೋಡಾ ಹಾಕಿ ಎಂದರೆ ಖಂಡಿತ ಹಾಕಬೇಡಿ, ಅದೂ ಪಿಎಚ್ ಏರಿಸುತ್ತದೆ.

ಅವರು ಮಾಡಿಸಿದ ಉಪಚಾರಕ್ಕೆ ಹೆಚ್ಚು ಖರ್ಚೇನೂ ಆಗಲಿಲ್ಲ. ಆಹಾರ ಪೂರ್ತಿ ಬಂದ್. ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬಿಸಿಯಿರುವ ನೀರಿನಿಂದ ಅರ್ಧ ನೀರು ಬದಲಾವಣೆ, ಮರುದಿನ ಅಳೆದು ನೋಡಿ ಮತ್ತೆ. ಆಂಟಿ ಕ್ಲೋರಿನ್ ಎಂದು ಸಿಗುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಅದರಿಂದ ಅಮೋನಿಯಾ ಇಳಿಯುವುದಿಲ್ಲ. ನೀರು ಬದಲಿಸಿಯೇ ಇಳಿಸಬೇಕು. ಕೊನೆಗೆ ತಮ್ಮ ಮನೆಯ ಹಳೆಯ ಫಿಲ್ಟರಿನ ಕೊಳಕು ಸ್ಪಾಂಜನ್ನು ಟ್ಯಾಂಕಿನ ನೀರಲ್ಲೇ ಅದ್ದಿ, ಒಣಗಲು ಬಿಡದೆ ತಂದು ನಮ್ಮ ಫಿಲ್ಟರಿನೊಳಗೆ ತುರುಕಿದರು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಕೊಳಕು ಸ್ಪಾಂಜೇ. ಆರೋಗ್ಯವಾದ ಮೀನಿರುವ ಟ್ಯಾಂಕಿನದಾದರೆ ಮಾತ್ರ ತನ್ನಿ.

ಅಮೋನಿಯಾ ಇಳಿದ ಕೂಡಲೇ ನಿಶ್ಚಿಂತರಾಗಬೇಡಿ, ಹಿಂದೆಯೇ ನೈಟ್ರೈಟ್ ಏರುತ್ತದೆ. ಅದು ಮೀನಿನ ರಕ್ತವನ್ನು ಕಂದು ಮಾಡಿ ಆಕ್ಸಿಜನ್ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ಉಪ್ಪು ಉಪಯೋಗಕ್ಕೆ ಬರುವುದು ಆಗ, ಅದರ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ. ಅಂಗಡಿಯವನ ಉಪ್ಪು ತಪ್ಪು ಸಮಯದಲ್ಲಿ ಬಂದಿತ್ತು, ಅಷ್ಟೇ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: “ಅಮೋನಿಯಾ ಟೆಸ್ಟ್ ಕಿಟ್ ಇದೆಯಾ?” ನಕ್ಕರೆ, ‘ಅದೆಲ್ಲ ಬೇಡ’ ಎಂದರೆ ಹೊರಟು ಬಿಡಿ. ಮೀನಿಲ್ಲದೆ ಟ್ಯಾಂಕು ಓಡಿಸಿ, ದಿನಕ್ಕೊಂದು ಚಿಟಿಕೆ ಆಹಾರ ಕೊಳೆಯಲು ಹಾಕಿ, ವಾರಕ್ಕೆರಡು ಸಲ ಅಳೆಯಿರಿ. ಅಮೋನಿಯಾ, ನೈಟ್ರೈಟ್ ಏರಿ ಮತ್ತೆ ಎರಡೂ ಸೊನ್ನೆಗಿಳಿದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ ಒಂದೆರಡು ಮೀನು ತನ್ನಿ. ಇನ್ನೊಂದು ಮಾತು, ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ‘ಪಾಣ್ಯಾಚಿ ಟಾಕಿ ಸಾಫ್’ (ಕಟ್ಟಡದ ನೀರಿನ ಟಾಕಿ ತೊಳೆಯುತ್ತೇವೆ) ಎಂದು ಚೀಟಿ ಅಂಟಿಸಿದ್ದರೆ, ತೊಳೆದ ಮೇಲೆ ಬ್ಲೀಚಿಂಗ್ ಪೌಡರ್ ಉಳಿದಿರಬಹುದು. ಹಿಂದಿನ ದಿನವೇ ಎರಡು ಬಕೆಟ್ ನೀರು ಹಿಡಿದಿಟ್ಟುಕೊಳ್ಳಿ.