ಆನೆಗೊಂದಿ ಕಲ್ಲು-ಹಕ್ಕಿ ವಾಕ್: 4 ಸ್ಟಾರ್, ಒಂದು ಸ್ಟಾರ್ ಬೈನಾಕ್ಯುಲರ್‌ಗೆ ಕಟ್

ಮೊದ್ಲೇ ಹೇಳಿಬಿಡ್ತೀನಿ, ಇದು ಗುಡಿ ಟೂರ್ ಅಲ್ಲ. ಅಂಜನಾದ್ರಿ, ಪಂಪಾ ಸರೋವರ, ಶಬರಿ ಗುಹೆ ಎಲ್ಲಾ ಒಂದೇ ದಿನದಾಗ ಮುಗಸ್ಬೇಕು ಅನ್ನೋರು ಆಟೋದವ್ರನ್ನ ಹಿಡೀರಿ, ಅದನ್ನ ಅವ್ರು ಛಲೋ ಮಾಡ್ತಾರ. ಇವ್ರು ಹೊತ್ತು ಹುಟ್ಟೂ ಮುಂಚೆ ಸಾಣಾಪುರ ಕಡೆ ಬಂಡೆ ಹತ್ತಿಸಿ ಕಲ್ಲು, ಹಕ್ಕಿ, ಓತಿಕ್ಯಾತ ಅಂತ ಮೂರು ತಾಸು ಅಡ್ಡಾಡಸ್ತಾರ, ಅಷ್ಟೇ. ತಲಿಗೆ 400 ರೂಪಾಯಿ, ಚಾ ಸೇರಿ.

ನಾನು ದೇವ್ರನ್ನ ನಂಬೋ ಪೈಕಿ ಅಲ್ಲ. ನಮ್ಮ ಗಂಗಾವತಿ ಕಡೆ ಹಿಂಗಂದ್ರ ಮುಂದಿನ ಪ್ರಶ್ನೆ ರೆಡಿ ಇರ್ತೈತಿ, "ಹಂಗಾದ್ರ ಅಷ್ಟು ದೊಡ್ಡ ಗುಂಡು ಗುಡ್ಡದ ತುದಿಗೆ ಯಾರು ಇಟ್ರು ಹೇಳಪಾ". ವಾಲಿ ಸುಗ್ರೀವ ಹೊಡೆದಾಡಿ ಒಗೆದ ಕಲ್ಲು ಅಂತ ಸಣ್ಣವ್ರಿದ್ದಾಗಿಂದ ಕೇಳ್ಕೊಂತ ಬಂದೀವಿ. ಅದಕ್ಕ ಎದುರಾಗಿ ಸುಮ್ನ "ನಿಸರ್ಗ" ಅಂದ್ರ ಯಾರಿಗೂ ಸಮಾಧಾನ ಆಗಂಗಿಲ್ಲ, ಆಗಬಾರ್ದೂ ಕೂಡ, ಅದೂ ಇನ್ನೊಂದು ದೇವ್ರ ಹೆಸ್ರಿನಂಗೇ ಕೇಳಸ್ತೈತಿ.

ಗೈಡ್ ಹುಡುಗ ಇದೇ ಪ್ರಶ್ನೆಯಿಂದ ಶುರು ಮಾಡಿದ. ಯಾರೂ ಇಟ್ಟೇ ಇಲ್ಲ ರೀ ಅಂದ. ಇದೆಲ್ಲಾ ಮೊದ್ಲು ನೆಲದಾಳದಾಗ ಕರಗಿದ್ದ ಕಲ್ಲು, ನಿಧಾನಕ್ಕ ತಣ್ಣಗಾಗಿ ಗ್ರಾನೈಟ್ ಆತು, ಮ್ಯಾಲಿನ ಭಾರ ಸವೆದು ಹೋದಂಗ ಅಡ್ಡ ಉದ್ದ ಬಿರುಕು ಬಿಡ್ತು, ಬಿರುಕಿನಾಗ ಮಳಿ ನೀರು ಇಳೀತು, ಮೂಲಿಗೆ ನೀರು ಎರಡು ಮೂರು ಕಡೆಯಿಂದ ಹತ್ತತೈತಿ ಹಂಗಾಗಿ ಮೂಲಿ ಮೊದ್ಲು ಕೊಳೀತು, ಚೌಕ ಇದ್ದಿದ್ದು ನೆಲದೊಳಗ ಇದ್ದಂಗೇ ಗುಂಡಗಾತು, ಆಮ್ಯಾಲ ಸುತ್ತಲಿನ ಕೊಳೆತದ್ದೆಲ್ಲ ಮಳಿಗೆ ಕೊಚ್ಚಿ ಹೋತು, ಗುಂಡು ಇದ್ದಲ್ಲೇ ಉಳೀತು. ಕಲ್ಲು ಮ್ಯಾಲ ಹೋಗಿಲ್ಲ, ಸುತ್ತ ಇದ್ದಿದ್ದು ಕೆಳಗ ಹೋಗೈತಿ! ಇಷ್ಟು ವರ್ಷ ಇದೇ ಗುಡ್ಡ ನೋಡ್ಕೊಂತ ಬೆಳೆದು ಪ್ರಶ್ನೆನೇ ತಲೆಕೆಳಗ ಐತಿ ಅಂತ ಯಾರೂ ಹೇಳಿರ್ಲಿಲ್ಲ.

ಬರೀ ಬಾಯಿಮಾತೂ ಅಲ್ಲ. ಒಂದು ಗುಂಡಿನ ಬುಡಕ್ಕ ಕರ್ಕೊಂಡು ಹೋಗಿ ಉಗುರ್ಲೆ ಕೆರೀರಿ ಅಂದ, ಪರಪರ ಅಂತ ಉದುರ್ತು. ಗರಸು. ರಸ್ತೆಗೆ ಹಾಕ್ತಾರಲ್ಲ ಅದೇ ಗರಸು, ಗ್ರಾನೈಟ್ ಕೊಳೆತದ್ದಂತ. ಪಕ್ಕದಾಗ ಹೊಸದಾಗಿ ಒಡೆದ ಚೂರಿನ ಮ್ಯಾಲ ಬಾಟ್ಲಿ ನೀರು ಸುರಿದ, ಬಣ್ಣ ಎದ್ದು ಬಂತು. ಬೆರಳುಗುರಿನಷ್ಟು ಗುಲಾಬಿ ಹರಳು ಫೆಲ್ಡ್‌ಸ್ಪಾರ್, ನಡುವ ಬೂದಿ ಬಣ್ಣದ್ದು ಕ್ವಾರ್ಟ್ಜ್, ಕರಿ ಚುಕ್ಕಿ ಮಿಂಚೋದು ಅಭ್ರಕ. ಫೆಲ್ಡ್‌ಸ್ಪಾರ್ ನೀರಿಗೆ ಸೋತು ಜೇಡಿ ಆಗ್ತೈತಿ, ಕ್ವಾರ್ಟ್ಜ್ ಜಗ್ಗಂಗಿಲ್ಲ, ಉಸುಕಾಗಿ ಹೊಳಿಗೆ ಇಳೀತೈತಿ. ಮನಿ ಕಟ್ಟಾಕ ಟ್ರ್ಯಾಕ್ಟರ್‌ಗೆ ಇಷ್ಟು ಅಂತ ಚೌಕಾಶಿ ಮಾಡಿ ತರ್ಸಿದ ಉಸುಕಿಗೆ ಇಷ್ಟು ಇತಿಹಾಸ ಐತಿ ನೋಡ್ರಿ.

ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಇದು ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ, ರಾಮನಗರದ ಹಳೇ ಹೆಸ್ರು ಕ್ಲೋಸ್‌ಪೇಟೆ, ಅಲ್ಲಿನ ಬೆಟ್ಟಾನೂ ಇದೇ ಪಟ್ಟಿಯಾಗ ಬರ್ತಾವ. ಆ ಕಾಲಕ್ಕ ಗಿಡ ಇಲ್ಲ, ಪ್ರಾಣಿ ಇಲ್ಲ, ನಾವು ಉಸಿರಾಡೂವಷ್ಟು ಆಕ್ಸಿಜನ್ ಸೈತ ಗಾಳಿಯಾಗ ಇರ್ಲಿಲ್ಲ, ಇದ್ದಿದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಅಷ್ಟೇ. ಲಾರಿಗಟ್ಲೆ ಸಾಗಿಸ್ತೀವಲ್ಲ ಸಂಡೂರು ಅದಿರು, ಅದು ಇದಕ್ಕಿಂತ ಹಳೇದು, ಸಮುದ್ರದ ತಳದಾಗ ಕೂತ ಕಬ್ಬಿಣ.

ಗುಂಪಿನಾಗ ಬಳ್ಳಾರಿಯಿಂದ ಬಂದಿದ್ದ ಅಂಕಲ್ ಒಬ್ರು ಬಿಡ್ಲಿಲ್ಲ. ಒಂದರ ಮ್ಯಾಲ ಒಂದು ನಿಂತಿದ್ದ ಗುಂಡು ತೋರ್ಸಿ, ಇಷ್ಟು ಕರೆಕ್ಟ್ ಬ್ಯಾಲೆನ್ಸ್ ತಾನಾಗೇ ಆಗ್ತೈತೇನೋ ತಮ್ಮಾ ಅಂದ್ರು. ಹುಡುಗ ಏನೂ ವಾದ ಮಾಡ್ಲಿಲ್ಲ, ಕೆಳಗ ಇಳಿಜಾರು ನೋಡ್ರಿ ಅಂದ. ತುಂಬ ಉರುಳಿ ಬಿದ್ದ ಗುಂಡು. ಬ್ಯಾಲೆನ್ಸ್ ತಪ್ಪಿದ್ದು ಅಲ್ಲಿ ಅದಾವ ಅಂಕಲ್, ಅವುಗಳ ಫೋಟೋ ಯಾರೂ ತೆಗಿಯಂಗಿಲ್ಲ ಅಂದ. ಮತ್ತ ಹನುಮಪ್ಪ? "ಕತಿ ನಮ್ಮಜ್ಜಿನೂ ಹೇಳ್ಯಾಳ ರೀ, ಕೇಳಾಕ ಛಲೋ ಐತಿ. ಗರಸು ನಾನು ತೋರ್ಸಿದ್ನಲ್ಲ." ಇನ್ನೊಂಚೂರು ಗಟ್ಟಿ ಹೇಳಬಹುದಿತ್ತು ಅನ್ನಿಸ್ತು ನನಗ, ಆದ್ರ ಅವನ ಅರ್ಧ ಗಿರಾಕಿ ಅಂಜನಾದ್ರಿ 575 ಮೆಟ್ಲು ಇಳಿದು ಬರೋರು, ಅವನ ಹೊಟ್ಟಿಪಾಡೂ ನೋಡ್ಬೇಕಲ್ಲ.

ಹೊತ್ತು ಹುಟ್ಟಿ ಬಂಡೆ ಎಲ್ಲಾ ಕೆಂಪಗಾದಾಗ ನಮ್ಮ ಅತ್ತಿಯವ್ರು ಕೈ ಮುಗಿದ್ರು. ನಾನು ಮುಗೀಲಿಲ್ಲ, ಆದ್ರ ಮೈ ಜುಮ್ ಅಂದಿದ್ದು ಸುಳ್ಳಲ್ಲ. ಕಾರಣ ಗೊತ್ತಾದ್ರ ಬೆರಗು ಹೋಗ್ತೈತಿ ಅನ್ನೋ ಮಾತಿಗೆ ಅರ್ಥ ಇಲ್ಲ, ನನಗ ಅವತ್ತು ಡಬಲ್ ಆತು.

ಈಗ ಕಟ್ ಮಾಡಿದ ಸ್ಟಾರ್. ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ, ದಕ್ಷಿಣ ಭಾರತದ ಕಲ್ಲುಗುಡ್ಡ ಕುರುಚಲು ಬಿಟ್ರ ಜಗತ್ತಿನಾಗ ಬ್ಯಾರೆ ಎಲ್ಲೂ ಇಲ್ಲ. ಅಂಥಾದ್ದು ಎದುರಿಗೆ ಬಂದು ಕೂತ್ರ ಇಡೀ ಗುಂಪಿಗೆ ಒಂದೇ ಬೈನಾಕ್ಯುಲರ್! ನನ್ನ ಕೈಗೆ ಬರೋದ್ರೊಳಗ ಕೊಂಬಿ ಖಾಲಿ. ಓತಿಕ್ಯಾತ ಮಾತ್ರ ಬಂಡೆ ಮ್ಯಾಲ ದಂಡ ಹೊಡ್ಕೊಂತ ಎಲ್ಲರಿಗೂ ಪುಕ್ಕಟೆ ದರ್ಶನ ಕೊಡ್ತು. ನೀರುನಾಯಿ ಬಗ್ಗೆ ಅರ್ಧ ತಾಸು ಹೇಳಿದ್ರು, 2015ರಾಗ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳಿನ ನೀರುನಾಯಿಗೆ ಅಂತ ಮೀಸಲು ಮಾಡ್ಯಾರಂತ, ಎಲ್ಲಾ ಸರಿ, ಆದ್ರ ಹೊಳಿ ದಂಡಿಗೆ ಕರ್ಕೊಂಡು ಹೋಗ್ರಿ ಅಂದ್ರ ಅದು ಬ್ಯಾರೆ ಪ್ಯಾಕೇಜಂತ. ಹೇಳಿ ಆಸೆ ಹಚ್ಚೋದು ಯಾಕ ಮತ್ತ?

ಮಣಕಾಲು ನೋವು ಇದ್ದೋರು ಕೊನೀ ಬಂಡೆ ಹತ್ತಬ್ಯಾಡ್ರಿ, ಕೆಳಗ ಕುಂತ್ರೂ ಕಾಣಸ್ತೈತಿ. ಚಪ್ಲಿ ನಡೆಯಂಗಿಲ್ಲ, ಶೂ ಬೇಕು. ನವೆಂಬರ್‌ನಿಂದ ಫೆಬ್ರವರಿ ಒಳಗ ಹೋಗ್ರಿ, ನಮ್ಮ ಕಡೆ ಬ್ಯಾಸಗಿ ನಿಮಗ ಹೇಳ್ಬೇಕೇನು. ಮ್ಯಾಪ್ ಲೊಕೇಶನ್ ಕಾಲುವಿ ಆ ಕಡೆ ದಂಡಿಗೆ ಒಯ್ತೈತಿ, ಕತ್ತಲದಾಗ ಸುತ್ತಾಡ್ಬ್ಯಾಡ್ರಿ, ಹಿಂದಿನ ಸಂಜಿನೇ ಫೋನ್ ಮಾಡಿ ದಾರಿ ಕೇಳ್ಕೊಳ್ರಿ. ಮೆಸೇಜ್ ಹಾಕಿದ್ರ ನೋಡಂಗಿಲ್ಲ ಅವ್ರು. ಮುಗಿದ ಮ್ಯಾಲ ಗಂಗಾವತಿಗೆ ಬಂದು ಒಗ್ಗರಣಿ ಮಿರ್ಚಿ ಹೊಡೀರಿ, ಅವ್ರ ಚಾದ ಜೊತಿ ಕೊಡೋ ಬಿಸ್ಕತ್ತಿಗೆ ಹೊಟ್ಟಿ ತುಂಬಂಗಿಲ್ಲ.