ಹುಬ್ಬಳ್ಳಿಯಿಂದ ಯಶವಂತಪುರಕ್ಕೆ ಉಳ್ಳಾಗಡ್ಡಿ ಲೋಡ್: ಗಾಡಿ ಯಾವಾಗ ಬಿಡಬೇಕು?

ನಾನು ಲಾರಿ ಓಡಿಸಲು ಶುರು ಮಾಡಿ 14 ವರ್ಷ ಆಯ್ತು. ಹತ್ತು ಗಾಲಿಯ ಗಾಡಿ, ಸ್ವಂತದ್ದು. ಅಮರಗೋಳದ ಎಪಿಎಂಸಿಯಿಂದ ಬೆಂಗಳೂರಿನ ಯಶವಂತಪುರ ಯಾರ್ಡಿಗೆ ಉಳ್ಳಾಗಡ್ಡಿ ಒಯ್ಯುವುದೇ ಜಾಸ್ತಿ. ಸುಮಾರು 410 ಕಿ.ಮೀ. ದಾರಿ. ಇದನ್ನು ಮೂರು ಥರ ಓಡಿಸಿ ನೋಡಿದ್ದೇನೆ: ರಾತ್ರಿ 9ಕ್ಕೆ ಬಿಟ್ಟು, ಬೆಳಗಿನ ಜಾವ 5ಕ್ಕೆ ಬಿಟ್ಟು, ಮಧ್ಯಾಹ್ನ 3ಕ್ಕೆ ಬಿಟ್ಟು. ಈಚೆಗೆ ಸ್ಟೇರಿಂಗ್ ಹಿಡಿದ ನಮ್ಮಕ್ಕನ ಮಗ, 'ಯಾವುದು ಒಳ್ಳೇದು ಮಾಮಾ?' ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾತ್ರಿಯ ದೊಡ್ಡ ಲಾಭ ಟೈರಿಗೆ. ಚಿತ್ರದುರ್ಗದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ರಾಡ್ ಹಿಡಿದು ಒಂದೊಂದೇ ಟೈರಿಗೆ ಹೊಡೆದು ನೋಡುತ್ತೇನೆ. ಗಾಳಿ ಸರಿಯಿದ್ದರೆ ರಾಡ್ ಪುಟಿದು ಬರುತ್ತದೆ. ಇಳಿದಿದ್ದರೆ 'ದಬ್' ಅಂತ ಸತ್ತ ಸದ್ದು. ಜೋಡಿ ಟೈರಿನಲ್ಲಿ ಒಳಗಿನದು ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದೇ ಜಾಗದಲ್ಲಿ ಟೈರಿಗೆ ಕೈ ಇಟ್ಟರೆ ಚುರ್ ಅನ್ನುತ್ತದೆ. ರಾತ್ರಿಯಾದರೆ ಬರೀ ಬೆಚ್ಚಗಿರುತ್ತದೆ. ನನ್ನ ರಿಸೋಲ್ (ಹಳೇ ಟೈರಿಗೆ ಹೊಸ ರಬ್ಬರ್ ಪಟ್ಟಿ ಹಾಕಿದ) ಟೈರುಗಳು ಸಿಡಿದದ್ದೆಲ್ಲ ಹಗಲಿನಲ್ಲೇ.

ಸರಕಿಗೂ ರಾತ್ರಿಯೇ ಹಿತ. ತಾಡಪತ್ರಿ ಕೆಳಗೆ ಬಿಸಿಲಿಗೆ ಉಳ್ಳಾಗಡ್ಡಿ ಬೆವರುತ್ತದೆ. ಬೆವರಿದ ಚೀಲ ಕಂಡರೆ ವ್ಯಾಪಾರಿ ರೇಟು ಇಳಿಸುತ್ತಾನೆ. ರಾತ್ರಿ ಹಿಂದಿನ ಹಗ್ಗ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಳಿ ಆಡುತ್ತದೆ. ಟ್ರಾಫಿಕ್ ಕಡಿಮೆ ಇರುವುದರಿಂದ ಗೇರು ಬದಲಿಸುವುದೂ ಕಡಿಮೆ. ನನ್ನ ಗಾಡಿ ಲೀಟರಿಗೆ ಸುಮಾರು 4 ಕಿ.ಮೀ. ಕೊಡುತ್ತದೆ. ರಾತ್ರಿ ಟ್ರಿಪ್ಪಿನಲ್ಲಿ 5-6 ಲೀಟರ್ ಡೀಸೆಲ್ ಉಳಿಯುತ್ತದೆ. 9ಕ್ಕೆ ಬಿಟ್ಟರೆ ಬೆಳಿಗ್ಗೆ 6ರ ಸುಮಾರಿಗೆ ಯಾರ್ಡಿನಲ್ಲಿ ಇರುತ್ತೇನೆ, ಬೆಳಗಿನ ವ್ಯಾಪಾರಕ್ಕೆ ಸರಿಯಾಗಿ.

ಇನ್ನು ಅಪಾಯದ ಮಾತು. ಮೊದಲನೆಯದು ಎದುರಿನ ಲೈಟು. ಹೆದ್ದಾರಿ ನಡುವೆ ಕಣಗಿಲೆ ಗಿಡ ಇದೆಯಲ್ಲ, ಅದು ಬರೀ ಚೆಂದಕ್ಕಲ್ಲ. ಗಿಡ ದಟ್ಟವಾಗಿದ್ದ ಕಡೆ ಎದುರಿನ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಒಣಗಿ ಹೋದ ಕಡೆ ಬಿಳೀ ಎಲ್‌ಇಡಿ ಹಾಕಿಸಿಕೊಂಡ ಗಾಡಿ ಬಂತೆಂದರೆ ಎರಡು ಕ್ಷಣ ಏನೂ ಕಾಣುವುದಿಲ್ಲ. ಆ ಎರಡು ಕ್ಷಣದಲ್ಲೇ ಮುಂದೆ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರಬಹುದು.

ಎರಡನೆಯದು ನಿದ್ದೆ. ಒಂದು ರಾತ್ರಿ, 3 ಗಂಟೆ 40 ನಿಮಿಷ. ಹಿರಿಯೂರು ದಾಟಿದ್ದೆ. ಜವನಗೊಂಡನಹಳ್ಳಿ ಬೋರ್ಡು ನೋಡಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಎಡಗಾಲಿ ರಸ್ತೆಯ ಅಂಚಿಗೆ ಇಳಿದು ಗರಗರ ಅಂದಾಗ ಎಚ್ಚರವಾಯಿತು. ಮುಂದೆ ಕೆಟ್ಟು ನಿಂತ ಲಾರಿ. ಅದರ ಹಿಂದೆ ಗುರುತಿಗೆ ನಾಲ್ಕು ಕಲ್ಲು, ಒಂದು ಬೇವಿನ ಕೊಂಬೆ. ಸ್ಟೇರಿಂಗ್ ಬಲಕ್ಕೆ ಎಳೆದೆ. ಕೊಂಬೆ ನನ್ನ ಗಾಡಿಯ ಮೈಗೆ ಸವರಿದ ಸದ್ದು ಈಗಲೂ ಕಿವಿಯಲ್ಲಿದೆ. ಪಕ್ಕದಲ್ಲಿ ಕ್ಲೀನರ್ ಹುಡುಗ ಮಲಗಿದ್ದ, ಅವನಿಗೆ ಏನೂ ಗೊತ್ತಾಗಲಿಲ್ಲ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ 65 ಮೀಟರಿಗೂ ಜಾಸ್ತಿ.

ಅವತ್ತು ನಾನು ಹಗಲೆಲ್ಲ ಮಲಗಿದ್ದೆ, ಚಹಾ ಕುಡಿದಿದ್ದೆ, ಮುಖ ತೊಳೆದಿದ್ದೆ. ಆದರೂ ಹಾಗಾಯಿತು. 2ರಿಂದ 5ರವರೆಗಿನ ಹೊತ್ತು ದೇಹ ಮಲಗುವ ಹೊತ್ತು. ಎಷ್ಟು ವರ್ಷ ಓಡಿಸಿದರೂ ಅದು ಅಭ್ಯಾಸ ಆಗುವುದಿಲ್ಲ. ರಾತ್ರಿ 11ಕ್ಕೆ ಅದೇ ಕತ್ತಲೆಯಲ್ಲಿ ಹಾವೇರಿ ದಾಟುವಾಗ ಒಂದು ದಿನವೂ ನನಗೆ ಕಣ್ಣು ಎಳೆದಿಲ್ಲ.

ಹಾಗಾದರೆ ಹಗಲೇ ವಾಸಿ ಅಲ್ವಾ? ಬೆಳಗಿನ ಜಾವ 5ಕ್ಕೆ ಬಿಟ್ಟು ನೋಡಿದೆ. ಕಣ್ಣಿಗೆ ಆರಾಮ, ಪಂಕ್ಚರ್ ಅಂಗಡಿ ತೆರೆದಿರುತ್ತವೆ. ಆದರೆ ನೆಲಮಂಗಲಕ್ಕೆ ಬರುವಾಗ ಸಂಜೆ. ದಟ್ಟಣೆ ಹೊತ್ತಿನಲ್ಲಿ ಭಾರೀ ಗಾಡಿಗಳನ್ನು ನಗರದೊಳಗೆ ಬಿಡುವುದಿಲ್ಲ. ಸುಮ್ನೆ ಕಾಯಬೇಕು. 2025ರ ಅಕ್ಟೋಬರ್ 1ರ ನಂತರ ತಯಾರಾದ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಬಹಳ ಒಳ್ಳೆಯ ಕೆಲಸ. ನನ್ನದು ಹಳೇ ಗಾಡಿ, ಎಂಜಿನ್ ಕಾವೆಲ್ಲ ಕಾಲಿಗೇ. ಬಂಡೀಪುರದ ಮೇಲೆ ಕೇರಳಕ್ಕೆ ಲೋಡ್ ಸಿಕ್ಕರೆ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಆನೆ, ಜಿಂಕೆಗಳ ದಾರಿ ಅದು, ಹಾಗೇ ಇರಲಿ.

ನನ್ನ ಆಯ್ಕೆ ಮಧ್ಯಾಹ್ನ 3. ಬಿಸಿಲು ಇಳಿಯುತ್ತಾ ಬರುತ್ತದೆ. ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ರಸ್ತೆ ತಣ್ಣಗಾಗಿರುತ್ತದೆ. ರಾತ್ರಿ 1ರೊಳಗೆ ಯಾರ್ಡಿನಲ್ಲಿ ಗಾಡಿ ಹಾಕಿ ಮಲಗಬಹುದು. ರಾತ್ರಿಯ ಲಾಭ ಮುಕ್ಕಾಲು ಪಾಲು ಸಿಗುತ್ತದೆ, 2ರಿಂದ 5ರ ಆ ನಿದ್ದೆಯ ಹೊತ್ತು ತಪ್ಪುತ್ತದೆ.

ತೊಂದರೆ ಒಂದೇ, 3ಕ್ಕೆ ಲೋಡ್ ಮುಗಿಯಬೇಕು. ಹರಾಜು, ತೂಕ, ಹಮಾಲರು ಅಂತ ಸಂಜೆ 7 ಆಗಿಬಿಡುತ್ತದೆ. ಆಮೇಲೆ 'ಬೆಳಿಗ್ಗೆ 6ಕ್ಕೆ ಮುಟ್ಟಿಸು' ಅನ್ನುತ್ತಾರೆ. ಸತತ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಲೋಡ್ ಮಾಡಿಸುವ ಜಾಗದಲ್ಲಿ ಬಿಡುವಿನ ಮಾತೇ ಬರುವುದಿಲ್ಲ. ನಾನೀಗ ಬಾಡಿಗೆ ಮಾತಾಡುವಾಗಲೇ ಕೇಳುತ್ತೇನೆ, ಎಷ್ಟು ಹೊತ್ತಿಗೆ ತುಂಬಿಸಿ ಕೊಡುತ್ತೀರಿ ಅಂತ. ಇಬ್ಬರು ವ್ಯಾಪಾರಿಗಳು ಒಪ್ಪಿ ಹಿಂದಿನ ದಿನದ ಮಾಲು ಕೊಡುತ್ತಿದ್ದಾರೆ.

ತಡವಾಗಿ ಬಿಡಲೇಬೇಕಾಗಿ ಬಂದರೆ 2 ಗಂಟೆಗೆ ಹಿರಿಯೂರಿನ ಆಚೀಚೆ ಬೆಳಕಿರುವ ಬಂಕಿನಲ್ಲಿ ನಿಲ್ಲಿಸುತ್ತೇನೆ. ಕತ್ತಲೆಯಲ್ಲಿ ರಸ್ತೆ ಬದಿಗೆ ಹಾಕಿ ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನ ಮುಚ್ಚಳ ಮುರಿದು ಡೀಸೆಲ್ ಖಾಲಿಯಾಗಿದ್ದ ಅನುಭವ ನನಗಿದೆ. ಅಲಾರಂ 4:45ಕ್ಕೆ. ಹೋದ ತಿಂಗಳು ಹಾಗೆ ಮಲಗಿದ್ದರಿಂದ ವ್ಯಾಪಾರ ತಪ್ಪಿತು, ಬಾಡಿಗೆಯಲ್ಲಿ 1,500 ರೂಪಾಯಿ ಹಿಡಿದರು. ಅಕ್ಕನ ಮಗನಿಗೂ ಹೇಳಿದ್ದೇನೆ: ಹಿಡಿದರೆ ಹಿಡಿಯಲಿ, ಆ ದುಡ್ಡು ನಾನು ಕೊಡುತ್ತೇನೆ, ನೀನು ಮಲಗು.