ಖಡಕ್ ರೊಟ್ಟಿ ಮೆತ್ತಗಾಗಿತ್ತು: ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ವ್ಯಾನ್, ಮೂರು ವರ್ಷ ಬಳಸಿದ ಮೇಲೆ

ನಮ್ಮ ವ್ಯಾನಿನ ಮೊದಲ ಸೋರಿಕೆ ಹಿಡಿದದ್ದು ನಾನಲ್ಲ, ನಮ್ಮವ್ವ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಹಿಂದಿನ ಸೀಟಿನ ಕೆಳಗೆ ಬುಟ್ಟಿಯಲ್ಲಿ ಬಟ್ಟೆ ಸುತ್ತಿ ಖಡಕ್ ರೊಟ್ಟಿ ಇಟ್ಟಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ರೊಟ್ಟಿ ಮುರಿಯಲಿಲ್ಲ, ಮಡಚಿಕೊಂಡಿತು.

“ತಮ್ಮಾ, ಈ ಗಾಡಿ ಎಲ್ಲೋ ಸೋರಾಕತ್ತೈತಿ ನೋಡು,” ಅಂದಳು.

ಹವೆಗೆ ಮೆತ್ತಗಾಗಿರಬೇಕು ಅಂದೆ. ಆ ಒಣ ಬಿಸಿಲಲ್ಲಿ ಯಾವ ಹವೆ? ಸೀಟು ಎತ್ತಿ ನೋಡಿದರೆ ಪ್ಲೈವುಡ್ ಉಬ್ಬಿ ಹಪ್ಪಳವಾಗಿತ್ತು.

ಗಾಡಿ ಯಾವುದು ಹೇಳಿಬಿಡುತ್ತೇನೆ. ಟೆಂಪೋ ಟ್ರಾವೆಲರ್, ಮೊದಲಿನ ಮಾಲೀಕರು ಕ್ಯಾಂಪರ್ ಮಾಡಿಸಿದ್ದು. 2022ರಲ್ಲಿ ಕೊಂಡು ಬೆಳಗಾವಿಗೆ ತಂದೆ. ಎರಡು ಹಾಸಿಗೆ, ಒಲೆ, ಸಿಂಕ್, ಹಿಂಬಾಗಿಲ ಹತ್ತಿರ ಷವರ್, 80 ಲೀಟರ್ ಟ್ಯಾಂಕ್, 12 ವೋಲ್ಟ್ ಪಂಪ್. ಇಂಜಿನ್ ಬಗ್ಗೆ ದೂರಿಲ್ಲ, ಹಾಸಿಗೆ ಆರಾಮ. ಗಾಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಅದರ ಜೊತೆ ಬಂದ ನೀರಿನ ಫಿಟಿಂಗಿಗೆ ಒಂದು. ಆ ಒಂದೂ ಪಂಪಿನ ಮುಖ ನೋಡಿ. ಮುಂದೆ ಬರೆದಿರುವುದೆಲ್ಲ ನೀರಿನ ಕಥೆ, ಯಾಕೆಂದರೆ ನನ್ನ ಭಾನುವಾರಗಳನ್ನು ತಿಂದದ್ದು ಅದೇ.

ಊರಿಗೆ ಬಂದ ಮೇಲೆ ನಮ್ಮ ಮನೆಯ ನಳ ರಿಪೇರಿ ಮಾಡುವವರನ್ನು ಕರೆದೆ. ಟಾರ್ಚ್ ಹಿಡಿದು ಸಿಂಕಿನ ಕೆಳಗೆ ತಲೆ ಹಾಕಿದರು. ಐದು ನಿಮಿಷ ಮಾತಿಲ್ಲ. ಆಮೇಲೆ ಹೊರಗೆ ಬಂದು, “ಸರ, ಇದನ್ನ ಮನಿ ಅಂತ ತಿಳದ ಪೈಪ್ ಹಾಕ್ಯಾರ. ಮನಿ ನಿಂತಲ್ಲೇ ನಿಂತಿರತೈತಿ. ಇದು ಓಡ್ತೈತಿ,” ಅಂದರು.

ಮೂರು ವರ್ಷ ಆಯಿತು. ನಾನು ಆಮೇಲೆ ಕಲಿತದ್ದೆಲ್ಲ ಆ ಮಾತಿನ ವಿವರಣೆ ಅಷ್ಟೇ.

ಸಿಂಕಿನ ಹಿಂದೆ ಬಚ್ಚಲು ಮನೆಗೆ ಹಾಕುವಂಥದ್ದೇ ಸಿಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಪೈಪ್ ಹಾಕಿದ್ದರು. ಎಲ್ಬೋ, ಟೀ, ಎಲ್ಲ ಸೊಲ್ಯೂಷನ್ ಹಚ್ಚಿ ಅಂಟಿಸಿದ್ದು. ಪೈಪ್ ಕೆಟ್ಟದ್ದಲ್ಲ. ಗೋಡೆಯೊಳಗೆ ಇಪ್ಪತ್ತು ವರ್ಷ ಸುಮ್ನೆ ಕೂತಿರುತ್ತದೆ. ಆದರೆ ಗಾಡಿಯ ಬಾಡಿ ಓಡುವಾಗ ಬಳುಕುತ್ತದೆ, ಗಟ್ಟಿ ಪೈಪ್ ಬಳುಕುವುದಿಲ್ಲ. ಅದರ ಸಿಟ್ಟೆಲ್ಲ ಜಾಯಿಂಟಿನ ಮೇಲೆ, ಅದರಲ್ಲೂ ನಳಕ್ಕೆ ತಿರುಪು ಹಾಕುವ ಜಾಗದ ಮೇಲೆ. ಅಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಗಾಡಿ ನಿಂತಾಗ ಬಿರುಕು ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಮನೆಯ ಮುಂದೆ ನಿಲ್ಲಿಸಿ ನೋಡಿದರೆ ಒಂದು ಹನಿಯೂ ಇಲ್ಲ. ಮಳೆಗಾಲದಲ್ಲಿ ಜಾಂಬೋಟಿ ಕಡೆ ಒಂದು ಸುತ್ತು ಹೋಗಿ ಬಂದರೆ ಅರ್ಧ ಬಕೆಟ್.

ಇನ್ನೊಂದು ವಿಷಯ ಒತ್ತಡ. ಮನೆಯ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಕೆಳಗಿನ ನಳಕ್ಕೆ ಮೂರೂವರೆ ನಾಲ್ಕು ಮೀಟರ್ ಎತ್ತರ ಅಂದುಕೊಳ್ಳಿ. ಟೈರಿನ ಗಾಳಿ ಅಳೆಯುವ ಲೆಕ್ಕದಲ್ಲಿ ಅದು 5-6 ಪಿಎಸ್‌ಐ ಒತ್ತಡ. ನನ್ನ ವ್ಯಾನಿನ ಪಂಪ್ ನಿಲ್ಲುವುದು 35 ಪಿಎಸ್‌ಐ ಆದ ಮೇಲೆ. ಅಂದರೆ ಸುಮಾರು 24 ಮೀಟರ್ ಎತ್ತರದಲ್ಲಿ ಟ್ಯಾಂಕ್ ಇಟ್ಟ ಹಾಗೆ. ಗೋಳಗುಮ್ಮಟ 51 ಮೀಟರ್. ಅದರ ನಡುಮಧ್ಯೆ ಟ್ಯಾಂಕ್ ಕೂರಿಸಿ ಸಿಂಕಿಗೆ ನೀರು ಬಿಟ್ಟರೆ ಹೇಗೋ ಹಾಗೆ. ಮನೆಯಲ್ಲಿ ‘ನಡೆಯುತ್ತೆ ಬಿಡಿ’ ಅನ್ನುವ ಜಾಯಿಂಟ್ ಇಲ್ಲಿ ನಡೆಯುವುದಿಲ್ಲ.

ಆದರೆ ಈ ಪಂಪೇ ಒಳ್ಳೆಯ ಚಾಡಿಕೋರ. ನಳ ತೆರೆದರೆ ಓಡಬೇಕು, ಮುಚ್ಚಿದರೆ ನಿಲ್ಲಬೇಕು. ಎಲ್ಲ ನಳ ಮುಚ್ಚಿ ಮಲಗಿದ ಮೇಲೆ ನಡುರಾತ್ರಿ ತಾನಾಗಿಯೇ ‘ಟುರ್ರ್’ ಅಂತ ಎರಡು ಸೆಕೆಂಡ್ ಓಡಿ ನಿಂತರೆ ಎಲ್ಲೋ ಒತ್ತಡ ಇಳಿದಿದೆ ಅಂತ ಅರ್ಥ. ಬಾದಾಮಿಯಲ್ಲಿ ಒಂದು ರಾತ್ರಿ ಗಡಿಯಾರ ಹಿಡಿದು ಕೂತಿದ್ದೆ. ಏಳು ನಿಮಿಷಕ್ಕೊಮ್ಮೆ ಟುರ್ರ್. ಹೆಂಡತಿ ದಿಂಬು ಕಿವಿಗೆ ಒತ್ತಿಕೊಂಡು, “ಪಂಪ್ ಬಂದ್ ಮಾಡ್ರಿ, ಇಲ್ಲಾಂದ್ರ ನೀವು ಹೊರಗ ಮಲಗ್ರಿ,” ಅಂದಳು. ಬಂದ್ ಮಾಡಿದೆ. ಅವತ್ತಿನಿಂದ ಇದು ನಮ್ಮ ಗಾಡಿಯ ನಿಯಮ: ಮಲಗುವಾಗ ಮತ್ತು ಓಡಿಸುವಾಗ ಪಂಪಿನ ಸ್ವಿಚ್ ಬಂದ್. ಆಮೇಲೆ ಒಂದು ನಳ ಒಂದು ಕ್ಷಣ ತೆರೆದು ಒತ್ತಡ ಬಿಟ್ಟುಬಿಡಬೇಕು. ಇಷ್ಟು ಮಾಡಿದರೆ, ಪೈಪ್ ದಾರಿಯಲ್ಲಿ ಕಿತ್ತುಬಂದರೂ ಪಂಪ್ ಇಡೀ ಟ್ಯಾಂಕನ್ನು ಗಾಡಿಯೊಳಗೆ ಸುರಿಯುವುದಿಲ್ಲ. ನಮ್ಮ ಎರಡನೇ ಬ್ಯಾಟರಿ ಹಾಸಿಗೆಯ ಕೆಳಗೇ ಇದೆ, ಟ್ಯಾಂಕಿನ ಪಕ್ಕ. ಯಾವ ಪುಣ್ಯಾತ್ಮನ ಯೋಚನೆಯೋ.

ಜಾಗ ಹುಡುಕುವುದು ಬೇರೆ ತಲೆನೋವು. ನೀರು ಸೋರಿದ ಕಡೆ ಕಾಣಿಸುವುದಿಲ್ಲ. ವೈರ್ ಹಿಡಿದುಕೊಂಡು, ಬಾಡಿಯ ಪಟ್ಟಿ ಹಿಡಿದುಕೊಂಡು, ಗಾಡಿ ಯಾವ ಕಡೆ ವಾಲಿದೆಯೋ ಆ ಕಡೆ ಹೋಗಿ ಕೂರುತ್ತದೆ. ಯಲ್ಲಮ್ಮನ ಗುಡ್ಡದಲ್ಲಿ ರೊಟ್ಟಿ ನೆನೆದದ್ದು ಹಿಂದೆ, ಬಿರುಕು ಇದ್ದದ್ದು ಮಧ್ಯದ ಸಿಂಕಿನಲ್ಲಿ. ಗುಡ್ಡ ಹತ್ತುವಾಗ ನೀರು ಹಿಂದಕ್ಕೆ ಬಂದಿತ್ತು. ಟಿಶ್ಯೂ ಪೇಪರ್ ಸುತ್ತಿ ನೋಡಿದೆ, ಪರವಾಗಿಲ್ಲ. ಅದಕ್ಕಿಂತ ಒಳ್ಳೆಯದು ಮಗಳ ಸೀಮೆಸುಣ್ಣ. ಜಾಯಿಂಟ್ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ, ಪಂಪ್ ಹಾಕಿ ಅರ್ಧ ಗಂಟೆ ಬಿಡಿ. ಒಂದು ಹನಿ ಬಂದರೂ ಗೆರೆ ಎಳೆದ ಹಾಗೆ ಕಾಣುತ್ತದೆ. ಮೊದಲು ವಿಭೂತಿ ಸವರಲು ಹೋಗಿದ್ದೆ. ಅವ್ವನ ಕೈಲಿ ಬೈಸಿಕೊಂಡೆ.

ಬಾದಾಮಿಯಲ್ಲಿ ಟುರ್ರ್ ಅನ್ನುತ್ತಿದ್ದದ್ದಕ್ಕೆ ಮಾತ್ರ ಸೀಮೆಸುಣ್ಣ ಎಲ್ಲೂ ಒದ್ದೆಯಾಗಲಿಲ್ಲ. ಎರಡು ದಿನ ತಲೆ ಕೆಟ್ಟುಹೋಯಿತು. ಕೊನೆಗೆ ಪಂಪನ್ನೇ ಬಿಚ್ಚಿದರೆ ಒಳಗಿನ ಸಣ್ಣ ವಾಲ್ವಿನ ಮೇಲೆ ಬಿಳಿ ಪೊರೆ. ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವ ವಾಲ್ವ್ ಅದು. ಪೊರೆ ಕಟ್ಟಿ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ನೀರು ಹೊರಗೆ ಸೋರದೆ ಟ್ಯಾಂಕಿಗೇ ವಾಪಸ್ ಹೋಗುತ್ತಿತ್ತು. ಬಾಗಲಕೋಟೆ, ವಿಜಯಪುರ ಕಡೆ ಸಿಕ್ಕ ಸಿಕ್ಕ ಬೋರ್‌ವೆಲ್ ನೀರು ತುಂಬಿಸಿದ್ದರ ಫಲ. ಗಡಸು ನೀರು, ಬೇಳೆ ಬೇಯಿಸಿದವರಿಗೆ ಗೊತ್ತು. ಬೆಳಗಾವಿಯಲ್ಲಿ ರಾಕಸಕೊಪ್ಪ ಜಲಾಶಯದ ನೀರು ತುಂಬಿಸುತ್ತಿದ್ದಾಗ ಈ ಕಾಟ ಇರಲಿಲ್ಲ. ವಾಲ್ವನ್ನು ಲಿಂಬೆ ರಸದಲ್ಲಿ ರಾತ್ರಿ ನೆನೆಹಾಕಿದೆ, ಬೆಳಿಗ್ಗೆ ಹೊಸದರ ಹಾಗಿತ್ತು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ, ಸುಮ್ನೆ ಅಲ್ಲ.

ಅದನ್ನು ಬಿಚ್ಚುವ ಮೊದಲು ಇನ್ನೊಂದು ಪ್ರತಾಪ ಮಾಡಿದ್ದೆ. ಪಂಪೇ ಸತ್ತಿದೆ ಅಂದುಕೊಂಡು ಕೃಷಿ ಸಾಮಾನಿನ ಅಂಗಡಿಗೆ ಹೋದೆ. ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಇರುತ್ತಲ್ಲ, ಅದರ ಪಂಪ್ ಕೂಡ 12 ವೋಲ್ಟೇ, ನೋಡಲೂ ಅಣ್ಣತಮ್ಮಂದಿರ ಹಾಗೆ. ಅಗ್ಗವೂ ಹೌದು. ತಂದು ಜೋಡಿಸಿದೆ. ನೀರು ಜೋರಾಗಿ ಬಂತು, ಎಲ್ಲರೂ ಖುಷಿ. ನಳ ಮುಚ್ಚಿದೆ. ಪಂಪ್ ನಿಲ್ಲಲೇ ಇಲ್ಲ, ಒತ್ತುತ್ತಲೇ ಹೋಯಿತು. ಷವರಿನ ಪೈಪ್ ಕಿತ್ತು ಹಾವಿನ ಹಾಗೆ ಎದ್ದು ಹಾಸಿಗೆ, ಚಾದರ, ಮಗಳ ಪುಸ್ತಕ ಎಲ್ಲಕ್ಕೂ ಓಕುಳಿ ಆಡಿತು. ಸ್ಪ್ರೇಯರ್ ಪಂಪಿಗೆ ಮಂಜಿನಂತೆ ಹನಿ ಹಾರಿಸುವ ಕೆಲಸ. ಅದು ನಿಲ್ಲುವ ಒತ್ತಡವೇ ಬೇರೆ, ಜಾಸ್ತಿ. ಕೊಳ್ಳುವಾಗ ಮೇಲಿನ ಚೀಟಿಯಲ್ಲಿ ಪಿಎಸ್‌ಐ ಎಷ್ಟು ಅಂತ ಓದಿ. ನಾನು ವೋಲ್ಟ್ ಒಂದನ್ನೇ ಓದಿದ್ದೆ.

ಅವತ್ತಿನ ಮರುದಿನ ವಿಜಯಪುರದಲ್ಲಿದ್ದೆವು. ಚಾದರಗಳು ಗಾಡಿಯ ಮೇಲೆ ಒಣಗುತ್ತಿದ್ದವು. ಊರಲ್ಲಿ ಅಲ್ಲಲ್ಲಿ ಹಳೆಯ ಕಲ್ಲಿನ ಗೋಪುರಗಳಿವೆ, ಗಂಜ್ ಅನ್ನುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತರುತ್ತಿದ್ದರು. ದಾರಿಯಲ್ಲಿ ಈ ಗೋಪುರಗಳಲ್ಲಿ ನೀರು ಮೇಲೇರಿ ಒತ್ತಡ ಇಳಿಯುತ್ತಿತ್ತು, ಕೆಸರು ತಳ ಸೇರುತ್ತಿತ್ತು. ಇಲ್ಲದಿದ್ದರೆ ಮಣ್ಣಿನ ಕೊಳವೆ ಒಡೆದುಹೋಗುತ್ತಿತ್ತು. ಶಾಲೆಯಲ್ಲಿದ್ದಾಗ ಟ್ರಿಪ್ಪಿಗೆ ಬಂದು ಇದನ್ನು ನೋಡಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲ ಒದ್ದೆ ಚಾದರ ಹಿಡಿದು ನಿಂತಾಗ ಕಿವಿಗೆ ಬಿತ್ತು.

ಊರಿಗೆ ಬಂದು ನನ್ನದೂ ಒಂದು ಗಂಜ್ ಮಾಡಿಸಿದೆ. ಪಂಪ್ ಆದ ಮೇಲೆ ಒಂದು ಸಣ್ಣ ಪ್ರೆಶರ್ ಟ್ಯಾಂಕ್. ಒಳಗೆ ರಬ್ಬರ್ ಚೀಲ, ಅದರ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಪಂಪಿನ ಹೊಡೆತವನ್ನು ಗಾಳಿ ತಾಳಿಕೊಳ್ಳುತ್ತದೆ. ಲೋಟ ತೊಳೆಯುವಷ್ಟಕ್ಕೆ ಪಂಪ್ ಓಡುವುದೂ ಇಲ್ಲ. ಪಂಪಿನ ಮುಂಚೆ ಒಂದು ಜಾಳಿಗೆ ಫಿಲ್ಟರ್, ಕಸ ಹಿಡಿಯಲು. ಇಡೀ ಗಾಡಿಯಲ್ಲಿ ನಾನು ಖರ್ಚು ಮಾಡಿ ಪಶ್ಚಾತ್ತಾಪ ಪಡದ ಸಾಮಾನು ಇವೆರಡು.

ಆ ಹೊತ್ತಿಗೇ ಗಟ್ಟಿ ಪೈಪ್ ಎಲ್ಲ ಕಿತ್ತು ಹಾಕಿದೆ. ಬದಲಿಗೆ ಒಳಗೆ ನೂಲಿನ ಜಾಳಿಗೆ ಇರುವ, ಕುಡಿಯುವ ನೀರಿಗೆ ಆಗುವ ಬಳುಕುವ ಹೋಸ್. ಜಾಯಿಂಟಿಗೆ ಪ್ಲಾಸ್ಟಿಕ್ ಬೇಡ ಅನ್ನಿಸಿ ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಲೇಥ್ ಅಂಗಡಿಗೆ ಹೋದೆ. ಹೋಸ್ ಸಿಕ್ಕಿಸುವ ಹಿತ್ತಾಳೆಯ ನಿಪ್ಪಲ್, ಮೂರು ಮೂರು ಏಣು ಇರುವಂಥದ್ದು, ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಡೆದು ಕೊಟ್ಟರು. ಬೆಳಗಾವಿಯಲ್ಲಿ ಇರುವುದರ ಲಾಭ ಇದು. ಹೋಸಿನ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಒತ್ತಿ ಕೂರಿಸಿದರೆ, ಕ್ಲಿಪ್ ಇಲ್ಲದೆಯೂ ಎಳೆದರೆ ಬರುವುದಿಲ್ಲ. ಆದರೂ ಕ್ಲಿಪ್ ಹಾಕಿ. ಸ್ಟೀಲಿನದೇ ಹಾಕಿ. ಅತಿಯಾಗಿ ಬಿಗಿಯಬೇಡಿ. ನಾನು ‘ಇನ್ನೊಂದು ಸುತ್ತು ಇರಲಿ’ ಅಂತ ಬಿಗಿದು ಎರಡು ಕಡೆ ಹೋಸ್ ಕತ್ತರಿಸಿಕೊಂಡೆ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಎಲ್ಲ ಕ್ಲಿಪ್ ನೋಡಿ. ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಹೊರದೇಶದವರ ವಿಡಿಯೋದಲ್ಲಿ ಚಳಿಗೆ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುವ ಗೋಳೇ ಜಾಸ್ತಿ. ನಮ್ಮಲ್ಲಿ ಉಲ್ಟಾ. ವಿಜಯಪುರದ 40 ಡಿಗ್ರಿ ದಾಟಿದ ಬಿಸಿಲಲ್ಲಿ ಮುಚ್ಚಿದ ಗಾಡಿ ನಿಂತಿದ್ದರೆ ಹೋಸ್ ಮೆತ್ತಗಾಗುತ್ತದೆ, ಒಳಗೆ ಸಿಕ್ಕಿಕೊಂಡ ನೀರು ಹಿಗ್ಗುತ್ತದೆ, ಕ್ಲಿಪ್ ಸಡಿಲವಾಗುತ್ತದೆ. ಒಂದು ನಳ ತೆರೆದು ಒತ್ತಡ ಬಿಡಿ ಅಂದದ್ದು ಇದಕ್ಕೂ ಸೇರಿ.

ಕಲಸಿ ಹಚ್ಚುವ ಸೀಲ್‌ಗಳ ಬಗ್ಗೆ ಒಂದೇ ಮಾತು: ದಾರಿಯಲ್ಲಿ ಊರು ಮುಟ್ಟುವವರೆಗೆ ಸಾಕು, ಅದರಾಚೆ ಬೇಡ. ಅಲುಗಾಡುವ ಜಾಗದಲ್ಲಿ ಚಕ್ಕೆಯಾಗಿ ಉದುರಿಬಿಡುತ್ತದೆ.

ಟ್ಯಾಂಕಿನ ಬುಡದಲ್ಲೂ ಒಂದು ಸೋರಿಕೆ ಇತ್ತು. ಟ್ಯಾಂಕ್ ನಿಪ್ಪಲಿನ ರಬ್ಬರ್ ವಾಷರ್ ಒಳಗಡೆ, ನೀರಿನ ಕಡೆ ಇರಬೇಕು. ಇದರಲ್ಲಿ ಹೊರಗಡೆ ಹಾಕಿದ್ದರು. ಬದಲಿಸಲು ಟ್ಯಾಂಕಿನ ಬಾಯಲ್ಲಿ ನನ್ನ ಕೈ ಹಿಡಿಸಲಿಲ್ಲ. ಹತ್ತು ವರ್ಷದ ಮಗಳ ಕೈ ಹಿಡಿಸಿತು. ಕೂಲಿ ಎರಡು ಐಸ್‌ಕ್ರೀಂ. ಆದರೆ ಅಸಲು ಕಾರಣ ವಾಷರ್ ಒಂದೇ ಅಲ್ಲ. 80 ಲೀಟರ್ ಅಂದರೆ 80 ಕೆಜಿ. ಅಷ್ಟು ತೂಕವನ್ನು ಒಂದು ತೆಳು ಪಟ್ಟಿಯಲ್ಲಿ ಕಟ್ಟಿದ್ದರು. ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕ್ ಜರುಗಿ ನಿಪ್ಪಲನ್ನು ಎಳೆಯುತ್ತಿತ್ತು. ಗ್ಯಾರೇಜಿನಲ್ಲಿ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ಕೂರಿಸಿದ ಮೇಲೆ ಆ ಕಡೆ ತಿರುಗಿ ನೋಡಿಲ್ಲ.

ಕೊಳ್ಳಲು ಹೊರಟವರಿಗೆ. ಟ್ಯಾಂಕ್ ತುಂಬಿಸಿಯೇ ತೋರಿಸಿ ಅನ್ನಿ. ನನಗೆ ಖಾಲಿ ಟ್ಯಾಂಕ್ ತೋರಿಸಿದ್ದರು, ನಾನೂ ಕೇಳಲಿಲ್ಲ. ಪಂಪ್ ಹಾಕಿ, ನಳ ಎಲ್ಲ ಮುಚ್ಚಿ, ಆಮೇಲೆ ಚೌಕಾಸಿಗೆ ಕೂತುಕೊಳ್ಳಿ. ಮಾತಿನ ನಡುವೆ ಟುರ್ರ್ ಅಂದರೆ ರೇಟು ಇಳಿಸಿ. ತುಂಬಿದ ಟ್ಯಾಂಕಿನೊಂದಿಗೆ ಕೆಟ್ಟ ರಸ್ತೆಯಲ್ಲೇ ಒಂದು ಹತ್ತು ಕಿಲೋಮೀಟರ್ ಓಡಿಸಿ, ಬಂದ ಕೂಡಲೇ ಟಾರ್ಚ್ ಹಾಕಿ. ಸಿಂಕ್ ಅಂಚಿನವರೆಗೂ ತುಂಬಿ ಒಮ್ಮೆಲೇ ಬೂಚು ತೆಗೆಯಿರಿ. ಹೊಲಸು ನೀರಿನ ಪೈಪಿಗೆ ಒತ್ತಡ ಇಲ್ಲ, ಅಲ್ಲಿ ಸೋರಿದರೆ ಪಂಪ್ ಚಾಡಿ ಹೇಳುವುದಿಲ್ಲ. ಮೂಗಿಗೂ ಕೆಲಸ ಕೊಡಿ. ಸೀಟಿನ ಕೆಳಗೆ ಮುಗ್ಗಲು ವಾಸನೆ ಇದ್ದು ಮೇಲೆ ಹೊಸ ಪೇಂಟ್ ಇದ್ದರೆ ಅನುಮಾನಪಡಿ. ಮಳೆ ನೀರೋ ಪೈಪಿನ ನೀರೋ ಗೊತ್ತಾಗದಿದ್ದರೆ ಟ್ಯಾಂಕ್ ಖಾಲಿ ಮಾಡಿ ಒಂದು ಮಳೆಗೆ ನಿಲ್ಲಿಸಿ ನೋಡಿ. ಬೆಳಗಾವಿಯಲ್ಲಿ ಜುಲೈನಲ್ಲಿ ಅದಕ್ಕೆ ಜಾಸ್ತಿ ಕಾಯಬೇಕಾಗಿಲ್ಲ.

ಈಗಿನ ನೀರಿನ ವ್ಯವಸ್ಥೆಗೆ ನಾಲ್ಕು ಕೊಡುತ್ತೇನೆ. ಐದು ಯಾಕಿಲ್ಲ ಅಂದರೆ ಸಿಂಕಿನ ಕೆಳಗಿನ ಬಾಗಿದ ಪೈಪಿನ ನಟ್ ಇನ್ನೂ ದಿನಕ್ಕೆ ಏಳೆಂಟು ಹನಿ ಬಿಡುತ್ತದೆ. ಮೂರು ವಾಷರ್ ಬದಲಿಸಿದೆ. ಸದ್ಯಕ್ಕೆ ಅದರ ಕೆಳಗೆ ಒಂದು ಸ್ಟೀಲ್ ಡಬ್ಬಿ ಇದೆ. ಅವ್ವ ಬೆಳಿಗ್ಗೆ ಅದನ್ನು ಹೊರಗೆ ಚೆಲ್ಲಿ ಬರುತ್ತಾಳೆ. ರೊಟ್ಟಿ ಬುಟ್ಟಿ ಈಗ ಮೇಲಿನ ಕಪಾಟಿನಲ್ಲಿದೆ.